ಫೈಟರ್ ಮೀನಿಗೆ ಜೋಡಿ ಹುಡುಕಬ್ಯಾಡ್ರಿ

ಮೊದಲಿಗೇ ಹೇಳಿಬಿಡ್ತೀನಿ, ಆಮ್ಯಾಲೆ ಬೇಕಾದ್ರ ಬೈರಿ. ಫೈಟರ್ ಮೀನು ಒಂದೇ ಇರಬೇಕು. ಅದಕ್ಕ ಜೋಡಿ ಬ್ಯಾಡ, ಗೆಳ್ಯಾರು ಬ್ಯಾಡ, ನೆರಿಹೊರಿ ಬ್ಯಾಡ. ಹೊಸದಾಗಿ ಅಕ್ವೇರಿಯಂ ಇಡೋರ ಮನ್ಯಾಗಂತೂ ಬಿಲ್ಕುಲ್ ಬ್ಯಾಡ.

ನಮ್ಮ ಪಡಸಾಲ್ಯಾಗ ಇರೋ ನೀಲಿ ಫೈಟರನ್ನ ನೋಡಿ "ಅಯ್ಯ ಪಾಪ, ಒಂದೇ ಅದಲ್ಲ" ಅನ್ನದ ಹೋದ ಹೆಣಮಗಳು ಈ ಓಣ್ಯಾಗ ಇಲ್ಲ. ಮಾವಶಿ ಅಂದ್ಲು, ವೈನಿ ಅಂದ್ರು, ಹಾಲು ಕೊಡೋ ಅಕ್ಕನೂ ಅಂದ್ಲು. ಕಾಕು ಒಂದು ಹೆಜ್ಜಿ ಮುಂದ ಹೋಗಿ, ಮುಂದಿನ ಸಲ ಬರೋವಾಗ ತಾನೇ ಒಂದು ಹೆಣ್ಣು ಹುಡುಕಿ ತರ್ತೀನಿ ಅಂದ್ಲು, ಕುಂಡಲಿ ಹಿಡಕೊಂಡು ಬಂದವರ ಹಂಗ. ಅಂದು ಹೋದ್ರ ಏನೂ ಚಿಂತಿಲ್ಲ. ಆದ್ರ ಈ "ಪಾಪ" ಅನ್ನೋ ಮಾತು ಕೇಳಿದ ಹುಡುಗರು ಅಂಗಡಿಗೆ ಓಡ್ತಾವ, ನಾಕು ಬಣ್ಣದ ಮೀನು ಪಾಕೀಟಿನ್ಯಾಗ ತಂದು ಸುರೀತಾವ, ಹದಿನೈದು ದಿನದಾಗ ಒಂದೊಂದೇ ಹೊಟ್ಟಿ ಮ್ಯಾಲ ಮಾಡಿ ತೇಲ್ತಾವ. ಹೋದ ದೀಪಾವಳಿಯಿಂದ ಯುಗಾದಿತನಕ ನಮ್ಮ ಓಣಿಯೊಂದರಾಗ ನಾ ನೋಡಿದ್ದು ಐದು ಮನಿ. ಐದೂ ಮನಿ ತೊಟ್ಟಿ ಈಗ ಅಟ್ಟದ ಮ್ಯಾಲ ಅವ.

ಈ ಮೀನಿನ ಹೆಸರು ಬೆಟ್ಟಾ. ನಮ್ಮ ಗುಡ್ಡ-ಬೆಟ್ಟದ ಬೆಟ್ಟ ಅಲ್ಲ, ಸಂಬಂಧ ಏನೂ ಇಲ್ಲ. 1910ರಾಗ ಚಾರ್ಲ್ಸ್ ಟೇಟ್ ರೀಗನ್ ಅನ್ನೋ ಇಂಗ್ಲೆಂಡಿನ ಪಂಡಿತ ಇದಕ್ಕ ಬೆಟ್ಟಾ ಸ್ಪ್ಲೆಂಡೆನ್ಸ್ ಅಂತ ಶಾಸ್ತ್ರದ ಹೆಸರಿಟ್ಟ. ಇದರ ತವರುಮನಿ ಥೈಲ್ಯಾಂಡ್. ಅಲ್ಲೆ ಇದಕ್ಕ ಪ್ಲಾ ಕಟ್ ಅಂತಾರ, ಕಡಿಯೋ ಮೀನು ಅಂತ ಅರ್ಥ. ಹೆಸರಿನ್ಯಾಗೇ ಹೇಳಿಟ್ಟಾರ್ರೀ! 2019ರಾಗ ಅಲ್ಲಿ ಸರ್ಕಾರ ಇದನ್ನ ರಾಷ್ಟ್ರೀಯ ಜಲಚರ ಅಂತ ಸಾರಿತು. ಮಂದಿ ಇದನ್ನ ಸಾಕ್ಲಿಕ್ಕೆ ಹತ್ತಿ ಕಡಿಮಿ ಅಂದ್ರೂ ಸಾವಿರ ವರ್ಷ ಆಗ್ಯಾವ ಅಂತ 2022ರಾಗ ಬಂದ ಒಂದು ವಂಶವಾಹಿ ಅಧ್ಯಯನ ಹೇಳ್ತದ. ಸಾಕಿದ್ದು ಯಾತಕ್ಕ? ನಮ್ಮ ಕಡೆ ಟಗರಿನ ಕಾಳಗ ಆಡಿಸಿದಂಗ, ರೊಕ್ಕಾ ಕಟ್ಟಿ ಕಾದಾಡಸ್ಲಿಕ್ಕೆ. ಗೆದ್ದದ್ದರ ಮರಿ, ಅದರಾಗ ಗೆದ್ದದ್ದರ ಮರಿ, ಹಿಂಗ ಆರಿಸಿ ಆರಿಸಿ ಅದರ ಸಿಟ್ಟು ಬೆಳಸ್ಯಾರ. ಆಮ್ಯಾಲೆ ಬಣ್ಣಕ್ಕ ಆರಿಸಿದ್ರು, ಬಾಲಕ್ಕ ಆರಿಸಿದ್ರು. ಈಗ ನಮಗ ಸಿಗೋದು ಸೀರಿ ನಿರಗಿ ಹಂಗ ಬಾಲ ಇರೋ, ಟಗರಿನ ಸ್ವಭಾವದ ಮೀನು. ಕಾಡಿನ್ಯಾಗಿನ ಬೆಟ್ಟಾಕ್ಕ ಇಷ್ಟು ಬಣ್ಣಾನೂ ಇಲ್ಲ, ಇಷ್ಟು ಉದ್ದ ಬಾಲಾನೂ ಇಲ್ಲ.

ಅದು ಹುಟ್ಟಿದ್ದು ಭತ್ತದ ಗದ್ದಿ, ಜೊಂಡು ಬೆಳದ ಆಳಿಲ್ಲದ ನೀರಿನ್ಯಾಗ. ಅಲ್ಲೆ ಒಂದೊಂದು ಗಂಡು ಒಂದೊಂದು ಜಾಗಾ ಹಿಡೀತದ. ಬಾಯಿಂದ ಗುಳ್ಳಿ ಬಿಟ್ಟು ಬಿಟ್ಟು ನೀರಿನ ಮ್ಯಾಲ ನೊರಿ ಗೂಡು ಕಟ್ತದ. ಹೆಣ್ಣು ಬಂದು ತತ್ತಿ ಇಡ್ತದ, ಇಟ್ಟ ಕೂಡ್ಲೇ ಆಕಿನ್ನೂ ಅಲ್ಲಿಂದ ಓಡಸ್ತದ. ತತ್ತಿ ಕಾಯೋದು, ಕೆಳಗ ಬಿದ್ದದ್ದನ್ನ ಬಾಯಾಗ ಹಿಡದು ಹೊಳ್ಳಿ ಗೂಡಿನ್ಯಾಗ ಇಡೋದು, ಎಲ್ಲಾ ಗಂಡಿನ ಕೆಲಸ. (ಇದನ್ನ ನಮ್ಮ ಮನಿಯವರಿಗೆ ಓದಿ ಹೇಳಿದೆ. ಕೇಳಿಸದಂಗ ಪೇಪರ್ ತಿರುವಿದ್ರು.) ಹತ್ತರ ಬಂದವರು ಯಾರೇ ಆಗ್ಲಿ, ತತ್ತಿ ಕದಿಯೋ ಕಳ್ಳರು ಅಂತನೇ ಅದು ತಿಳೀತದ. ಆದ್ರ ಗದ್ಯಾಗ ಸೋತದ್ದು ಓಡಿ ಹೋಗಿ ಬ್ಯಾರೆ ಜೊಂಡಿನ ಹಿಂದ ಅಡಗ್ತದ, ಜಗಳಾ ಅಲ್ಲಿಗೆ ಮುಗೀತದ. ನಮ್ಮ ಟೀವಿ ಬಾಜೂಕ ಇರೋ ಒಂದು ಫೂಟಿನ ಗಾಜಿನ ಡಬ್ಬಿಯೊಳಗ ಸೋತದ್ದು ಎಲ್ಲಿಗೆ ಓಡಬೇಕ್ರೀ? ಸುತ್ತಿ ಸುತ್ತಿ ಅದೇ ಗೂಂಡಾನ ಮುಂದ ಬರ್ತದ.

ಒಂಟಿ ಅಂದ್ರ ದುಃಖ ಅಂತ ನಮಗ್ಯಾರು ಹೇಳಿದ್ರೋ. ಮನಿತುಂಬ ಹನ್ನೆರಡು ಮಂದಿ ಇದ್ದು, ಎಲ್ಲಾರೂ ಮದವಿಗೆ ಹೋಗಿ, ಒಂದು ತಾಸು ಒಬ್ಬಾಕಿನೇ ಚಹಾ ಹಿಡಕೊಂಡು ಕೂತಾಗ ಜೀವಕ್ಕ ಎಷ್ಟು ಹಿತ ಅನಸ್ತದ ಅಂತ ನಿಮಗ ನಾ ಹೇಳಬೇಕಾ? ಫೈಟರಿಗೆ ಆ ತಾಸು ದಿನಾಲೂ ಬೇಕು. ಗುಂಪು ಬೇಕಾಗೋ ಮೀನು ಬ್ಯಾರೆ ಅವ, ಅವನ್ನ ಒಂಟಿ ಇಟ್ರ ಅಂಜಿ ಸಾಯ್ತಾವ, ಅಲ್ಲೆ ಪಾಪ ಅನ್ನೋದು ಸರಿ. ಈ ಮೀನಿಗೆ ಪಾಪ ಅಂದು ಜೋಡಿ ತರೋದು ಅದರ ಸಲುವಾಗಿ ಅಲ್ಲ. ತೊಟ್ಟಿ ತುಂಬಿ ಕಾಣಬೇಕು, ಬಂದವರು ಛಂದ ಅದ ಅನ್ನಬೇಕು. ಅಷ್ಟ.

ಜೋಡಿ ಅಂತ ಯಾವ್ಯಾವನ್ನ ತರ್ತಾರ ನೋಡ್ರಿ. ಎಲ್ಲಾಕ್ಕಿಂತ ಹೆಚ್ಚು ಗಪ್ಪಿ. ಸೊಳ್ಳಿ ಮರಿ ತಿನ್ನಲಿ ಅಂತ ಸರ್ಕಾರದವರು ಬಾವಿ-ತೊಟ್ಯಾಗ ಬಿಡ್ತಾರಲ್ಲ, ಅದರ ಬಣ್ಣದ ಜಾತಿ. ಅಗ್ಗ, ಸಣ್ಣದು, ಬಡಪಾಯಿ. ಆದ್ರ ಗಂಡು ಗಪ್ಪಿಯ ಬೀಸಣಿಗಿ ಬಾಲ ನೋಡಿದ ಫೈಟರಿಗೆ ಅದು ಇನ್ನೊಂದು ಫೈಟರ್ ಅನಿಸ್ತದ. ಮುಂಜಾನೆ ಏಳೋದ್ರಾಗ ಗಪ್ಪಿಯ ಬಾಲ ಇರೂದಿಲ್ಲ. ಟೈಗರ್ ಬಾರ್ಬ್ ತಂದ್ರ ಲೆಕ್ಕ ಉಲ್ಟಾ: ಅವು ನಾಕು ಕೂಡಿ ಫೈಟರಿನ ನಿರಗಿ ಹರದು ಚಿಂದಿ ಮಾಡ್ತಾವ, ಅಷ್ಟು ಭಾರದ ಬಾಲ ಹೊತ್ತ ಇದು ಓಡ್ಲಿಕ್ಕೂ ಆಗೂದಿಲ್ಲ. ಗೌರಾಮಿ ಅಂತೂ ಇದರ ದಾಯಾದಿ, ದಾಯಾದಿ ಕೂಡ ಒಂದೇ ಮನ್ಯಾಗ ಹೆಂಗ ಇರ್ತದ ಅನ್ನೋದು ನಿಮಗ ಗೊತ್ತಿದ್ದದ್ದ ಅದ. ಗೋಲ್ಡ್‌ಫಿಶ್ ತಣ್ಣೀರಿನ ಮೀನು, ಇದು ಬೆಚ್ಚಗಿನ ನೀರಿಂದು, ಮ್ಯಾಲ ಅದು ಮಾಡೋ ಹೊಲಸು ಹೊಸಾ ತೊಟ್ಟಿಗೆ ತಡಿಯೂದಿಲ್ಲ. ಇನ್ನ ಹೆಣ್ಣು ಫೈಟರ್. ಕಾಕು, ನೀ ತರಬ್ಯಾಡ. ಮರಿ ಮಾಡಸೋರು ಸುದ್ದಾ ಎರಡನ್ನೂ ನಡುವೆ ಗಾಜು ಇಟ್ಟು ದಿನಗಟ್ಲೆ ತೋರಿಸಿ, ಸ್ವಲ್ಪ ಹೊತ್ತು ಬಿಟ್ಟು, ಹೊಳ್ಳಿ ಬ್ಯಾರೆ ಮಾಡ್ತಾರ. ಕೂಡಿಸಿ ಇಟ್ರ ಆ ಹೆಣ್ಣಿನ ಗತಿ ಏನಾಗ್ತದ ಅಂತ ನೋಡ್ಲಿಕ್ಕೆ ಮನಸು ಬರೂದಿಲ್ಲ. ಎರಡು ಗಂಡಿನ ಮಾತು ಬ್ಯಾಡೇ ಬ್ಯಾಡ.

"ನಮ್ಮಲ್ಲೆ ಏನೂ ಹೊಡದಾಡಲಿಲ್ರೀ, ಹೊಂದಿಕೊಂಡ್ವು" ಅಂತ ಒಬ್ರು ವೈನಿ ಹೇಳಿದ್ರು. ಹೋಗಿ ನೋಡಿದೆ. ಫೈಟರ್ ಮೂಲ್ಯಾಗ ಹೀಟರಿನ ಹಿಂದ ಬಾಲ ಮುಚ್ಚಿಕೊಂಡು ನಿಂತಿತ್ತು, ಬಣ್ಣ ತೊಳದ ಅರಿವಿ ಹಂಗ ಮಾಸಿತ್ತು, ಕಾಳು ಹಾಕಿದ್ರ ಬಾಕಿ ಮೀನು ಹೋಗೋತನಕ ಮ್ಯಾಲ ಬರ್ತಿರಲಿಲ್ಲ. ಸೊಸಿ ಬಾಯಿ ಬಿಡೂದಿಲ್ಲ ಅಂದ್ರ ಹೊಂದಿಕೊಂಡಾಳ ಅಂತ ಹೇಳ್ಕೋತ ತಿರಗೋ ಅತ್ತೆಂದಿರನ್ನ ನಾವು ನೋಡಿಲ್ಲೇನು? ಮೀನಿನ ಹೊಂದಾಣಿಕೀನೂ ಅಂಥಾದ್ದ. ಹೊಡದಾಟ ಒಂದು ದಿನದಾಗ ಕೊಲ್ತದ, ಅಂಜಿಕಿ ಒಂದು ತಿಂಗಳದಾಗ.

ಈಗ ನೀವು ಯೂಟ್ಯೂಬ್ ತೋರಸ್ತೀರಿ, ನನಗ ಗೊತ್ತದ. ಅದರಾಗ ಫೈಟರ್ ಒಂದು ಹಿಂಡು ಮೀನಿನ ನಡುವೆ ರಾಜನ ಹಂಗ ಅಡ್ಡಾಡ್ತದ. ಖರೇನ ಅದ, ಸುಳ್ಳಲ್ಲ. ಆಗೂದಿಲ್ಲ ಅಂತ ನಾ ಹೇಳೂದಿಲ್ಲ, ಹೊಸಬರ ತೊಟ್ಯಾಗ ಆಗೂದಿಲ್ಲ ಅಂತ ಹೇಳ್ಲಿಕ್ಕತ್ತೀನಿ. ಆ ತೊಟ್ಟಿ ಎಷ್ಟು ದೊಡ್ಡದದ ನೋಡ್ರಿ. ಎರಡು ಫೂಟು ಉದ್ದ, ಒಂದು ಅಗಲ, ಒಂದು ಎತ್ತರ ಅಂದ್ರ 56 ಲೀಟರ್ ನೀರು ಹಿಡೀತದ. ಕಡಿಮಿ ಅಂದ್ರ ಅಷ್ಟು ಬೇಕು. ಒಳಗ ಗಿಡ ಎಷ್ಟು ದಟ್ಟ ಅದಾವ ಅಂದ್ರ ಈ ಕಡಿಂದ ಆ ಕಡಿ ಕಾಣೂದಿಲ್ಲ. ಜತಿಗೆ ಇಟ್ಟದ್ದು ಕೋರಿಡೋರಾಸ್ ಹಂಥಾ ತಳದಾಗ ಮೂಗು ತೂರಿಸಿಕೊಂಡು ತಮ್ಮಪಾಡಿಗೆ ಇರೋ ಮೀನು, ಅವೂ ಆರು ಕೂಡಿ. ಇಲ್ಲಾ ಬಾಲ ಗಿಡ್ಡ ಇರೋ ಸಣ್ಣ ರಾಸ್ಬೋರಾ, ಅವೂ ಹಿಂಡು ಕಟ್ಟಿ. ಮೊದಲು ಅವು ಬಂದು ನೆಲಿ ನಿಂತ್ವು, ಎಲ್ಲಾಕ್ಕಿಂತ ಕಡೀಕ ಫೈಟರ್ ಬಂತು, ಅಂದ್ರ ಇಡೀ ಮನಿ ತನ್ನದೇ ಅನ್ನೋ ಹಕ್ಕು ಅದಕ್ಕ ಹುಟ್ಟಲಿಲ್ಲ. ಇಷ್ಟಾದ್ರೂ ಕೆಲವು ಫೈಟರ್ ಒಪ್ಪೂದಿಲ್ಲ. ಅದಕ್ಕ ಆ ಮನಿಯವರು ಬ್ಯಾರೆ ಒಂದು ಸಣ್ಣ ತೊಟ್ಟಿ ನೀರು ಹಾಕಿ ತಯಾರ ಇಟ್ಟಿರ್ತಾರ. ಅದನ್ನ ವಿಡಿಯೋದಾಗ ತೋರಸೂದಿಲ್ಲ. ನಿಮ್ಮಲ್ಲೆ ಇಷ್ಟೂ ಅದ ಅಂದ್ರ ನೀವು ಹೊಸಬರಲ್ಲ, ನನ್ನ ಲೇಖನ ನಿಮಗಲ್ಲ.

ಹೊಸಾ ತೊಟ್ಯಾಗ ಮೀನು ಸಾಯೋದು ಬರೇ ಜಗಳದಿಂದ ಅಲ್ಲ, ಮತ್ತ ಇಲ್ಲೇ ನನಗ ಭಾಳ ಸಿಟ್ಟು ಬರೋದು. ಮೀನು ಹೇತದ್ದು, ಉಳದ ಕಾಳು, ಕೊಳತ ಎಲಿ, ಎಲ್ಲಾ ನೀರಾಗ ಅಮೋನಿಯಾ ಆಗ್ತದ. ಅದು ವಿಷ, ಕಿವಿರು ಸುಡ್ತದ. ಹಳೇ ತೊಟ್ಯಾಗ ಏನೂ ಆಗೂದಿಲ್ಲ, ಯಾಕಂದ್ರ ಫಿಲ್ಟರಿನ ಸ್ಪಂಜಿನ್ಯಾಗ ಒಂದು ಜಾತಿ ಬ್ಯಾಕ್ಟೀರಿಯಾ ಬೆಳದಿರ್ತಾವ. ಅವು ಅಮೋನಿಯಾನ ತಿಂದು ನೈಟ್ರೈಟ್ ಮಾಡ್ತಾವ, ಅದೂ ವಿಷಾನ. ಇನ್ನೊಂದು ಜಾತಿ ಅದನ್ನ ನೈಟ್ರೇಟ್ ಮಾಡ್ತಾವ, ಅದು ಅಷ್ಟು ಬಾಧಿ ಇಲ್ಲ, ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿ ಮಾಡಿದ್ರ ಹೋಗ್ತದ. ಅಂದ್ರ ತೊಟ್ಟಿ ಅನ್ನೋದು ಮೊಸರಿದ್ದಂಗ್ರೀ. ಹಾಲು ಪಾತೇಲಿಗೆ ಹಾಕಿದ ಕೂಡ್ಲೇ ಮೊಸರಾಗೂದಿಲ್ಲ, ಹೆಪ್ಪು ಬೇಕು, ಹೊತ್ತು ಬೇಕು. ಹಾಲಿಗೆ ಒಂದು ರಾತ್ರಿ ಸಾಕು, ತೊಟ್ಟಿಗೆ ನಾಕರಿಂದ ಆರು ವಾರ. ಅಷ್ಟು ದಿನ ಮೀನು ಇಲ್ಲದ, ದಿನಾ ಚಿಟಿಕಿ ಕಾಳು ಹಾಕಿ ಫಿಲ್ಟರ್ ಓಡಸಬೇಕು. ಅಂಗಡಿಯವನು ಇದನ್ನ ಹೇಳೂದಿಲ್ಲ. ತೊಟ್ಟಿ, ಕಲ್ಲು, ಪಂಪು, ಆರು ಮೀನು ಎಲ್ಲಾ ಒಂದೇ ಚೀಲದಾಗ ಹಾಕಿ "ಏನಾಗೂದಿಲ್ರೀ ಅಕ್ಕಾರ" ಅಂತ ಕೊಟ್ಟು ಕಳಸ್ತಾನ. ಹೆಪ್ಪಿಲ್ಲದ ನೀರಿಗೆ ಒಂದು ಮೀನು ಬಿಡೋದ ಕಷ್ಟ. ಆರು ಬಿಟ್ರ ಆರು ಪಟ್ಟು ವಿಷ. ನೀರು ನೋಡ್ಲಿಕ್ಕೆ ತಿಳಿ ಇರ್ತದ, ಅದಕ್ಕ ಯಾರಿಗೂ ಸಂಶಯ ಬರೂದಿಲ್ಲ.

ಸತ್ತ ಮ್ಯಾಲ ಏನು ಮಾಡ್ತಾರ? ರವಿವಾರ ತೊಟ್ಟಿ ಪೂರಾ ಬರಿದು ಮಾಡಿ, ಸಬಕಾರ ಹಚ್ಚಿ, ಸ್ಪಂಜು ನಳದ ನೀರಾಗ ಹಿಂಡಿ ಹಿಂಡಿ ತೊಳೀತಾರ, ಹಬ್ಬದ ಮುಂದ ಮನಿ ತೊಳದಂಗ. ಅಷ್ಟೋ ಇಷ್ಟೋ ಹತ್ತಿದ್ದ ಹೆಪ್ಪು ಅಲ್ಲಿಗೆ ಬಚ್ಚಲ ಪಾಲು, ನಳದಾಗಿನ ಕ್ಲೋರಿನ್ ಉಳದದ್ದನ್ನ ಕೊಲ್ತದ. ಮತ್ತ ಹೊಸಾ ಮೀನು, ಮತ್ತ ಸಾವು. ಸ್ವಚ್ಛ ಮಾಡಿದ್ದಕ್ಕ ಸತ್ವು ಅಂದ್ರ ನಮ್ಮ ಹೆಣಮಕ್ಕಳು ನಂಬೂದಿಲ್ಲ, ಆದ್ರ ಅದೇ ಖರೇ. ಸ್ಪಂಜು ತೊಳಿಯೋದಾದ್ರ ತೊಟ್ಟಿಯಿಂದಲೇ ತಗದ ನೀರಾಗ ಎರಡು ಸಲ ಅದ್ದಿ ತಗೀರಿ, ಸಾಕು. ಹಾಕೋ ಹೊಸಾ ನೀರು ಒಂದೆರಡು ದಿನ ಬಾಯಿ ತೆರದ ಬಕೀಟಿನ್ಯಾಗ ನಿಂತಿರಲಿ. ಮಲಪ್ರಭಾ ನೀರು ದಿನಾ ಬರೂದಿಲ್ಲ ಅಂತ ನಾವು ಹಿಡದು ಇಡೋ ರೂಢಿ ಈ ಒಂದು ಕೆಲಸಕ್ಕ ಉಪಯೋಗ ಆತು.

ಇದೆಲ್ಲಾದಕ್ಕಿಂತ ನನಗ ಕೇಳ್ಲಿಕ್ಕಾಗದ್ದು ಇನ್ನೊಂದು ಮಾತು. ಮೀನು ಸತ್ತಾಗ, "ಹೋಗ್ಲಿ ಬಿಡು, ಮನಿ ಮ್ಯಾಲಿನ ಪೀಡಾ ತಾನು ತೊಗೊಂಡು ಹೋತು" ಅಂತಾರ. ದೃಷ್ಟಿ ಅದಕ್ಕ ತಾಗಿತು, ನಮ್ಮ ಹುಡುಗರು ಉಳದ್ವು ಅಂತಾರ. ಹೇಳಿದವರಿಗೆ ಸಮಾಧಾನ ಆಗ್ತದ, ನನಗ ಗೊತ್ತದ. ಆದ್ರ ಬಾಜೂಕ ಕಣ್ಣೀರು ಹಾಕ್ಕೋತ ನಿಂತ ಎಂಟು ವರ್ಷದ ಹುಡುಗಿ ಅದರಿಂದ ಏನು ಕಲೀಬೇಕು? ತನ್ನ ಸಲುವಾಗಿ ಒಂದು ಜೀವ ಸಾಯಲಿಕ್ಕೇ ಬಂದಿತ್ತು ಅಂತನಾ? ಅಮೋನಿಯಾದಿಂದ ಸತ್ತ ಮೀನಿಗೆ ಪೀಡಾ ಹೊರಸಿದ್ರ, ಮುಂದಿನ ತಿಂಗಳ ಅದೇ ನೀರಿಗೆ ಅದೇ ಹುಡುಗಿ ಇನ್ನೊಂದು ಮೀನು ಬಿಡ್ತಾಳ. ಆಕಿಗೆ ನೀರಿನ ಪಟ್ಟಿ ಪರೀಕ್ಷೆ ಕಲಸ್ರಿ. ಸಾಮಾನು ಮಾರೋ ಅಂಗಡ್ಯಾಗ ಸಿಗ್ತಾವ, ಅದ್ದಿದ್ರ ಬಣ್ಣ ಬದಲಾಗ್ತದ, ಹುಡುಗರಿಗೆ ಅದೇ ಒಂದು ಆಟ. ಕೊಳ್ಳೋವಾಗ ಅಮೋನಿಯಾ ತೋರಸೋದು ಅದನೋ ಇಲ್ಲೋ ಕೇಳ್ರಿ, ಎಲ್ಲಾ ಪಟ್ಯಾಗ ಅದು ಇರೂದಿಲ್ಲ.

ಒಂದೇ ಇರಲಿ ಅಂದೆ ಅಂತ ಉಪ್ಪಿನಕಾಯಿ ಬಾಟ್ಲಿಗೆ ಹಾಕಬ್ಯಾಡ್ರಿ ಮತ್ತ. ಅದು ಇನ್ನೊಂದು ಅನ್ಯಾಯ. ಅಂಗಡ್ಯಾಗ ಸಣ್ಣ ಡಬ್ಬಿಯೊಳಗ ಇಟ್ಟದ್ದು ನೋಡಿ, ಹುಟ್ಟಿದಹಬ್ಬಕ್ಕ ರಿಟರ್ನ್ ಗಿಫ್ಟ್ ಅಂತ ಗ್ಲಾಸಿನ್ಯಾಗ ಹಂಚಿದ್ದು ನೋಡಿ, ಈ ಮೀನಿಗೆ ಅಷ್ಟೇ ನೀರು ಸಾಕು ಅಂತ ಎಲ್ಲಾರೂ ತಿಳದಾರ. ಅದರ ತಲಿಯೊಳಗ ಕಿವಿರಿನ ಮ್ಯಾಲ ಇನ್ನೊಂದು ಅಂಗ ಅದ, ಅದರಿಂದ ನೀರಿನ ಮ್ಯಾಲ ಬಂದು ಗಾಳಿ ಗುಟುಕರಸ್ತದ. ಅದಕ್ಕ ಕೆಟ್ಟ ನೀರಾಗ ಬ್ಯಾರೆ ಮೀನಿಗಿಂತ ನಾಕು ದಿನ ಹೆಚ್ಚು ತಡೀತದ. ತಡಿಯೋದು ಬ್ಯಾರೆ, ಬದುಕೋದು ಬ್ಯಾರೆ. ಒಂದು ಫೂಟಿನ ಚೌಕ ತೊಟ್ಟಿ 28 ಲೀಟರ್, ಹತ್ತತ್ತರ ಎರಡು ಕೊಡ ನೀರು. ಒಂದು ಮೀನಿಗೆ ಅದು ವಾಡೆ ಇದ್ದಂಗ. ಅಂಥಾದ್ರಾಗ ನಾಕು ಗಿಡ, ಮೆಲ್ಲಗ ಓಡೋ ಸ್ಪಂಜ್ ಫಿಲ್ಟರ್, ಮ್ಯಾಲ ಮುಚ್ಚಳ (ಹಾರ್ತದ, ಹುಷಾರ್), ಮುಚ್ಚಳಕ್ಕೂ ನೀರಿಗೂ ನಡುವೆ ಎರಡು ಬಟ್ಟು ಖಾಲಿ. ನೀರು 25ರಿಂದ 28 ಡಿಗ್ರಿ ಇರಬೇಕು. ಡಿಸೆಂಬರಿನ್ಯಾಗ ಧಾರವಾಡದ ಥಂಡಿಗೆ ನಾವು ಶಾಲು ಹೊದಕೋತೀವಿ, ಅದಕ್ಕ ಒಂದು ಸಣ್ಣ ಹೀಟರ್ ಹಾಕ್ರಿ. ಇಷ್ಟು ಮಾಡಿದ್ರ ಎರಡು-ಮೂರು ವರ್ಷ ಇರ್ತದ. ನೀವು ಪಡಸಾಲಿಗೆ ಬಂದ್ರ ಗುರುತು ಹಿಡದು ಗಾಜಿಗೆ ಬಂದು ನಿಲ್ತದ, ಕಾಳು ಸಿಗ್ತದೇನೋ ಅಂತ.

ಕಾಳಿನ ಮಾತು ಬಂತು. ನಾವು ಉಳ್ಳಾಗಡ್ಡಿ ಸುದ್ದಾ ತಿನ್ನದ ಮನಿ ಇರಬಹುದು, ಅದು ಹುಳಾ ತಿನ್ನೋ ಜಾತಿ. ಅನ್ನದ ಅಗಳು, ಚಪಾತಿ ಚೂರು, ಪ್ರಸಾದದ ಅವಲಕ್ಕಿ ಹಾಕಬ್ಯಾಡ್ರಿ. ಫೈಟರಿಗಂತನೇ ಬರೋ ಕಾಳು ಹೊತ್ತಿಗೆ ಎರಡು-ಮೂರು, ದಿನಕ್ಕ ಎರಡು ಹೊತ್ತು. ಅಜ್ಜಿ ಒಮ್ಮೆ, ಮೊಮ್ಮಗ ಒಮ್ಮೆ, ಕೆಲಸದಾಕಿ ಒಮ್ಮೆ ಹಾಕೋದು ಬ್ಯಾಡ, ಒಬ್ಬರ ಕೈಯಾಗ ಡಬ್ಬಿ ಇರಲಿ.

ಮತ್ತ ಕಸಾ ತಿಂತದ ಅಂತ ಆ ಕರೀ ಸಕ್ಕರ್ ಮೀನು ಯಾರೂ ತರಬ್ಯಾಡ್ರಿ. ಅಂಗಡ್ಯಾಗ ಬಟ್ಟಿನಷ್ಟು ಇರ್ತದ, ಬೆಳದ್ರ ಒಂದು ಫೂಟು ದಾಟ್ತದ, ತಿನ್ನೋದಕ್ಕಿಂತ ಹೇಲೋದ ಹೆಚ್ಚು. ದೊಡ್ಡದಾತು ಅಂತ ಸಂಜಿಮುಂದ ಉಣಕಲ್ ಕೆರಿಗೆ ಹೋಗಿ ಬಿಟ್ಟು ಪುಣ್ಯ ಕಟಗೊಂಡ್ವಿ ಅನ್ನಬ್ಯಾಡ್ರಿ. ನಮ್ಮ ದೇಶದ ಎಷ್ಟೋ ಕೆರಿ-ಹೊಳಿಯೊಳಗ ಹಿಂಗ ಬಿಟ್ಟ ಸಕ್ಕರ್ ಮೀನು ಹಬ್ಬಿ, ಇಲ್ಲೀವು ಮೀನಿಗೆ ಜಾಗಾ ಇಲ್ಲದಂಗ ಮಾಡ್ಯಾವ, ಮೀನುಗಾರರ ಬಲಿ ಹರದಾವ.

ಈಗ ಅಟ್ಟದ ಮ್ಯಾಲ ತೊಟ್ಟಿ ಇಟ್ಟವರಿಗೆ ಒಂದು ಮಾತು. ಕೆಳಗ ಇಳಸ್ರಿ, ಒರಸ್ರಿ, ನೀರು ತುಂಬಿ ಫಿಲ್ಟರ್ ಹಚ್ರಿ, ಮೀನು ಮಾತ್ರ ಈಗ ತರಬ್ಯಾಡ್ರಿ. ನಮ್ಮ ತೊಟ್ಯಾಗ ವರ್ಷದಿಂದ ಓಡ್ತಿರೋ ಸ್ಪಂಜು ಅದ. ಅದರಾಗ ಒಂದು ತುಂಡು ಕತ್ತರಿಸಿ ಕೊಡ್ತೀನಿ, ನಿಮ್ಮ ಫಿಲ್ಟರಿಗೆ ಸಿಗಸ್ರಿ, ಹೆಪ್ಪು ಲಗೂನ ಹಿಡೀತದ. ಒಣಗಿಸಬಾರದು, ಅದಕ್ಕ ನಮ್ಮ ತೊಟ್ಟಿ ನೀರಾಗೇ ಹಾಕಿ ಕೊಡಬೇಕಾಗ್ತದ. ಬರೋವಾಗ ಮುಚ್ಚಳ ಗಟ್ಟಿ ಇರೋ ಡಬ್ಬಿ ನೀವೇ ತೊಗೊಂಡು ಬರ್ರಿ, ಹೋದ ಸಲ ಚಕ್ಕಲಿ ಹಾಕಿ ಕೊಟ್ಟ ನನ್ನ ಡಬ್ಬಿ ಇನ್ನೂ ಯಾರೂ ಹೊಳ್ಳಿ ಕೊಟ್ಟಿಲ್ಲ.